ಕುಂಬಳಕಾಯಿಗೂ ವಿಭೂತಿಗೂ ನಡುವೆ

ಲೇಪಾಕ್ಷಿಯ ವೀರಭದ್ರ ದೇವಾಲಯದ ಮಂಟಪದಲ್ಲಿ ಒಂದು ಕಂಬವಿದೆ. ನೆಲಕ್ಕೆ ತಾಗದೆ ತೂಗುವ ಕಂಬವೆಂದು ಅದು ಪ್ರಸಿದ್ಧ. ಬಂದವರು ಹೆಗಲ ಮೇಲಿನ ಟವೆಲನ್ನೋ ಕರವಸ್ತ್ರವನ್ನೋ ಕಂಬದ ಅಡಿಗೆ ತೂರಿಸಿ ಈಚೆಯಿಂದ ಆಚೆಗೆ ಎಳೆದು ನೋಡುತ್ತಾರೆ. ಬಟ್ಟೆ ಹೊರಗೆ ಬಂದರೆ ಕೈಮುಗಿಯುತ್ತಾರೆ. ಹಿಂದೂಪುರದಿಂದ ಅಲ್ಲಿಗೆ ಹದಿನೈದು ಕಿಲೋಮೀಟರಿನಷ್ಟು ದಾರಿಯಾದ್ದರಿಂದ, ಪರವೂರಿನಿಂದ ಯಾರು ಬಂದರೂ ಕರೆದುಕೊಂಡು ಹೋಗುವ ಹೊಣೆ ನನ್ನದು. ಕಾಸರಗೋಡಿನಿಂದ ಬಂದಿದ್ದ ಗೆಳೆಯರೊಬ್ಬರು ಒಮ್ಮೆ ಅಲ್ಲಿ ಮೊಣಕಾಲೂರಿ ಬಟ್ಟೆ ಎಳೆದರು, ಮತ್ತೆ ಕೆನ್ನೆಯನ್ನು ನೆಲಕ್ಕೆ ತಾಗಿಸಿ ಬಗ್ಗಿ ನೋಡಿ, "ಅಲ್ಲ ಮಾರಾಯ್ರೆ, ಈ ಮೂಲೆ ತಾಗ್ತದಲ್ಲ?" ಎಂದರು. ಪಕ್ಕದಲ್ಲಿ ಸರದಿ ಕಾಯುತ್ತಿದ್ದ ಮುದುಕಿಯೊಬ್ಬಳು ಅವರತ್ತ ನೋಡಿದ ನೋಟ ನನಗಿನ್ನೂ ನೆನಪಿದೆ. ಅವಳಿಗೆ ಅವರ ಮಾತು ತಿಳಿದಿರಲಾರದು, ಧಾಟಿ ತಿಳಿದಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಗೆಳೆಯರು ಕೇಳಿದರು: "ನೀವು ದೇವರನ್ನು ನಂಬುವುದು ಏನಾದರೂ ಕಂಡು ನಂಬುವುದೋ, ಸುಮ್ಮನೆ ನಂಬುವುದೋ?" ನಾನು ಉತ್ತರ ಕೊಡಲಿಲ್ಲ. ಈ ವಾರ್ಷಿಕಕ್ಕೆ ಏನಾದರೂ ಬರೆಯಿರಿ ಎಂದು ಅವರೇ ಕೇಳಿದಾಗ ಆ ಬಾಕಿ ನೆನಪಾಯಿತು. ನಾನು ವಿಮರ್ಶಕನಲ್ಲ, ಬಿ.ಎ. ಮುಗಿಸಿ ಬ್ಯಾಂಕಿನ ಗುಮಾಸ್ತನಾದವನು. ಮೊದಲು ಕಲ್ಯಾಣದುರ್ಗದಲ್ಲಿ, ಈಗ ಹಿಂದೂಪುರದಲ್ಲಿ ಕೌಂಟರಿನ ಹಿಂದೆ ಕೂರುತ್ತೇನೆ. ಕೌಂಟರಿನಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ನಿಮ್ಮಲ್ಲಿ ಮಲಯಾಳ ಕುಳಿತ ಕುರ್ಚಿಯಲ್ಲಿ ನಮ್ಮಲ್ಲಿ ತೆಲುಗು ಕುಳಿತಿದೆ, ಅಷ್ಟೇ ವ್ಯತ್ಯಾಸ. ಆದ್ದರಿಂದ ಗೆಳೆಯರ ಪ್ರಶ್ನೆಗೆ ನನ್ನ ಬುದ್ಧಿಯಿಂದ ಉತ್ತರ ಹೇಳುವ ಬದಲು, ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಎದುರಿಸಿದ ಕೆಲವರನ್ನು ಓದಿ ನನಗೆ ಕಂಡದ್ದನ್ನು ಹೇಳುತ್ತೇನೆ.

ಈ ಪ್ರಶ್ನೆಗೆ ನಮ್ಮೂರಿಗಿಂತ ತಕ್ಕ ಊರು ಬೇರೆಯಿಲ್ಲ. ಹಿಂದೂಪುರದಿಂದ ದಕ್ಷಿಣಕ್ಕೆ ಗಡಿ ದಾಟಿದರೆ ಗೌರಿಬಿದನೂರು ತಾಲೂಕು. ಆ ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಎಚ್. ನರಸಿಂಹಯ್ಯನವರು ಹುಟ್ಟಿದರು. ನಮ್ಮೂರಿನ ಇನ್ನೊಂದು ಮಗ್ಗುಲಿಗೆ ಅರುವತ್ತು ಎಪ್ಪತ್ತು ಕಿಲೋಮೀಟರ್ ಹೋದರೆ ಪುಟ್ಟಪರ್ತಿ. ಅಲ್ಲಿ 1926ರಲ್ಲಿ ಸತ್ಯಸಾಯಿಬಾಬಾ ಹುಟ್ಟಿದರು. ಇಬ್ಬರೂ ಬಡವರ ಮನೆಯ ಮಕ್ಕಳು, ಒಂದೇ ಬರಗಾಲದ ನೆಲದವರು. ಒಬ್ಬರು ಓದುವುದಕ್ಕಾಗಿ ಬೆಂಗಳೂರಿಗೆ ನಡೆದೇ ಹೋದರು; ಇನ್ನೊಬ್ಬರು ಇದ್ದಲ್ಲಿಯೇ ಇದ್ದರು, ಲೋಕವೇ ಅವರಿದ್ದಲ್ಲಿಗೆ ನಡೆದು ಬಂತು. 2022ರ ಏಪ್ರಿಲಿನಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ನಂಬಿದವನೂ ನಂಬದವನೂ ಈಗ ಅರ್ಜಿಯಲ್ಲಿ ಆ ಹೆಸರು ಬರೆಯಲೇಬೇಕು.

1976ರ ಕತೆ ಹಿರಿಯ ಓದುಗರಿಗೆ ನೆನಪಿರಬಹುದು. ಆಗ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್ಚೆನ್ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಒಂದು ಸಮಿತಿ ರಚಿಸಿದರು. ಪಾಂಡವಪುರದಲ್ಲಿ ವಿಭೂತಿ ಬರಿಸುತ್ತಾನೆಂದು ಜನ ಮುಗಿಬೀಳುತ್ತಿದ್ದ ಪುಟ್ಟ ಹುಡುಗನೊಬ್ಬನನ್ನು ಸಮಿತಿ ಪರೀಕ್ಷಿಸಿ, ಅದು ಕೈಚಳಕವೆಂದು ತೋರಿಸಿತು. ಪುಟ್ಟಪರ್ತಿಗೆ ಎಚ್ಚೆನ್ ಮೂರು ಕಾಗದ ಬರೆದರು: ನೀವು ಮಾಡುವುದನ್ನು ನಮ್ಮ ಸಮಿತಿಯ ಎದುರು, ನಾವು ಹೇಳುವ ಕಟ್ಟುಪಾಡಿನಲ್ಲಿ ಮಾಡಿ ತೋರಿಸಬಹುದೇ ಎಂದು. ಉತ್ತರ ಬರಲಿಲ್ಲ. ವಿಭೂತಿ, ಉಂಗುರ, ಕೈಗಡಿಯಾರ ಇವೆಲ್ಲ ಅಂಗಿಯ ತೋಳಿನಲ್ಲಿ ಅಡಗುವ ವಸ್ತುಗಳು, ಒಂದು ಕುಂಬಳಕಾಯಿ ಸೃಷ್ಟಿಸಿ ತೋರಿಸಲಿ ಎಂಬ ಅವರ ಸವಾಲು ಕರ್ನಾಟಕದಲ್ಲಿ ಗಾದೆಯಂತೆ ಉಳಿದುಕೊಂಡಿತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿಸಿದ 42ನೇ ತಿದ್ದುಪಡಿಯೂ 1976ರದ್ದೇ.

ಮಲಯಾಳ ಓದುಗರಿಗೆ ಇದು ಹೊಸತಲ್ಲ. ತಿರುವಲ್ಲದಲ್ಲಿ ಹುಟ್ಟಿ ಸಿಂಹಳದಲ್ಲಿ ನೆಲೆಸಿದ್ದ ಅಬ್ರಹಾಂ ಕೋವೂರರು ಪವಾಡ ಮಾಡಿ ತೋರಿಸಿದವರಿಗೆ ಲಕ್ಷ ರೂಪಾಯಿ ಕೊಡುತ್ತೇನೆಂದು ಆ ಹೊತ್ತಿಗಾಗಲೇ ಸಾರಿದ್ದರು. ಕೋಳಿಕ್ಕೋಡಿನವರಾದ ಬಿ. ಪ್ರೇಮಾನಂದರು ಅದನ್ನು ಇನ್ನೂ ಮುಂದಕ್ಕೆ ಒಯ್ದು ಊರೂರು ತಿರುಗಿ ಕೈಚಳಕಗಳನ್ನು ಮಾಡಿ ತೋರಿಸಿದರು.

ಎಚ್ಚೆನ್ನರ 'ತೆರೆದ ಮನ'ವನ್ನೂ ಆತ್ಮಕಥೆ 'ಹೋರಾಟದ ಹಾದಿ'ಯನ್ನೂ ನಾನು ಒಂದಕ್ಕಿಂತ ಹೆಚ್ಚು ಸಲ ಓದಿದ್ದೇನೆ. ಅವರ ಗದ್ಯದಲ್ಲಿ ಅಲಂಕಾರವಿಲ್ಲ. ಅವರ ಖಾದಿಯ ಹಾಗೆ ಒರಟು, ಚೊಕ್ಕ. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಎಂಬ ಒಂದೇ ಮಾತನ್ನು ಜೀವಮಾನವಿಡೀ ಹೇಳಿದವರ ಬರವಣಿಗೆ ಬೇರೆ ಹೇಗಿರಲು ಸಾಧ್ಯ? ಆದರೆ ನನಗೆ ಅದರಲ್ಲಿ ಒಂದು ಕೊರತೆ ಕಾಣುತ್ತದೆ. ಪುಟ್ಟಪರ್ತಿಗೆ ಹೋದವನು ಅಲ್ಲಿ ಏನು ಪಡೆದು ಬಂದ ಎಂಬ ಕಡೆಗೆ ಅವರ ಕುತೂಹಲ ಹರಿಯುವುದಿಲ್ಲ. ಮೋಸ ಹೋದ ಎಂಬಲ್ಲಿಗೆ ಅವರ ಪರೀಕ್ಷೆ ಮುಗಿಯುತ್ತದೆ. ಭೌತಶಾಸ್ತ್ರದ ಮೇಷ್ಟರು ಪ್ರಯೋಗಶಾಲೆಯ ಬಾಗಿಲು ಹಾಕಿ ಮನೆಗೆ ಹೊರಟಂತೆ.

ಇನ್ನೊಂದು ಕಡೆ ವಿ.ಕೃ. ಗೋಕಾಕರು. ವಿನಾಯಕರೆಂದು ಕವಿತೆ ಬರೆದವರು, 'ಸಮುದ್ರ ಗೀತೆಗಳು' ಕೊಟ್ಟವರು, ಜ್ಞಾನಪೀಠ ಪಡೆದವರು. ಎಚ್ಚೆನ್ನರಿಗಿಂತ ಮೊದಲು, 1960ರ ದಶಕದ ಉತ್ತರಾರ್ಧದಲ್ಲಿ, ಅದೇ ಬೆಂಗಳೂರು ವಿಶ್ವವಿದ್ಯಾನಿಲಯಕ್ಕೆ ಕುಲಪತಿಗಳಾಗಿದ್ದವರು. ಅವರು ಸಾಯಿಬಾಬಾರ ಭಕ್ತರಾದರು. ಅವರ ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1975ರಲ್ಲಿ ಬಂತು. 1981ರಲ್ಲಿ ಪುಟ್ಟಪರ್ತಿಯ ವಿದ್ಯಾಸಂಸ್ಥೆ ವಿಶ್ವವಿದ್ಯಾನಿಲಯದ ಸ್ಥಾನ ಪಡೆದಾಗ ಅದರ ಮೊದಲ ಕುಲಪತಿಗಳಾದರು. ಒಂದೇ ಕುರ್ಚಿಯಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ಕುಳಿತ ಇಬ್ಬರು ಕನ್ನಡಿಗರಲ್ಲಿ ಒಬ್ಬರು ನಮ್ಮ ಜಿಲ್ಲೆಯ ಆ ಹಳ್ಳಿಗೆ ಸಾಕ್ಷ್ಯ ಕೇಳಿ ಕಾಗದ ಬರೆದರು, ಇನ್ನೊಬ್ಬರು ಕೈಮುಗಿದು ಹೋದರು. ಈ ಸಂಗತಿಯನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಯಾಕೆ ಮುಜುಗರದಿಂದ ಪಕ್ಕಕ್ಕೆ ಸರಿಸುತ್ತವೆಯೋ ನನಗೆ ತಿಳಿಯದು. ಗೋಕಾಕರ ಕಾವ್ಯದ ಚರ್ಚೆಯಲ್ಲಿ ಅರವಿಂದರು ಬರುತ್ತಾರೆ, ಪುಟ್ಟಪರ್ತಿ ಬರುವುದಿಲ್ಲ.

ಗೋಕಾಕರು ಕಪಟಿಗಳಲ್ಲ, ದಡ್ಡರಂತೂ ಅಲ್ಲವೇ ಅಲ್ಲ. ಅವರಿಗೇನೋ ಅನುಭವವಾಗಿತ್ತು, ಅದನ್ನು ನಾನು ಒಪ್ಪುತ್ತೇನೆ. ತೊಡಕು ಆಮೇಲಿನದು. ತನಗಾದ ಅನುಭವದಿಂದ ಅವತಾರ ತತ್ತ್ವದವರೆಗೆ ಅವರು ಒಂದೇ ಉಸಿರಿನಲ್ಲಿ ಏರಿಬಿಡುತ್ತಾರೆ. ನಡುವಿನ ಮೆಟ್ಟಿಲಲ್ಲಿ ಎಚ್ಚೆನ್ ನಿಂತು ಕೇಳಿದ ಪ್ರಶ್ನೆ ಬಿದ್ದಿದೆ. ಅದರ ಮೇಲೆ ಅವರು ಕಾಲಿಡುವುದಿಲ್ಲ. ಮೆಟ್ಟಿಲು ಬಿಟ್ಟು ಹತ್ತಿದವರ ಹಿಂದೆ ಹೋಗುವುದು ನಮ್ಮಂಥ ಗಿಡ್ಡ ಕಾಲಿನವರಿಗೆ ಕಷ್ಟ.

ಆದರೆ ಒಂದು ವಿಚಿತ್ರ ಗಮನಿಸಿ. ಕುಂಬಳಕಾಯಿ ಕೇಳಿದವರು ಮತ್ತು ವಿಭೂತಿ ಕಂಡು ಕೈಮುಗಿದ ಜನ ಮೇಲ್ನೋಟಕ್ಕೆ ವೈರಿಗಳು. ಒಳಗೆ ಇಬ್ಬರದೂ ಒಂದೇ ಕಾಯಿದೆ: ದೇವರಾದವನು ತೋರಿಸಬೇಕು. ಗೋಕಾಕರಂಥವರ ಮಾತು ಬೇರೆ ಇರಬಹುದು, ಆದರೆ ಸಾಲಿನಲ್ಲಿ ಕಾಯುವ ಸಾಮಾನ್ಯ ಭಕ್ತ "ನನಗೆ ಅನುಭವವಾಗಿದೆ" ಎನ್ನುವುದು ಬಹಳಷ್ಟು ಸಲ "ನನ್ನ ಬಳಿ ಪುರಾವೆ ಇದೆ" ಎಂಬ ಅರ್ಥದಲ್ಲಿಯೇ. ಅವನೂ ಸಾಕ್ಷ್ಯವಾದಿಯೇ, ಕಡಿಮೆ ಸಾಕ್ಷ್ಯಕ್ಕೆ ತೃಪ್ತನಾಗುವ ಸಾಕ್ಷ್ಯವಾದಿ. ಹೀಗಿರುವಾಗ ಸಾಕ್ಷ್ಯವೋ ಅಲೌಕಿಕ ಅನುಭವವೋ ಎಂಬ ಜಗಳವನ್ನು ಬುದ್ಧಿಗೂ ಭಕ್ತಿಗೂ ನಡುವಿನ ಜಗಳವೆನ್ನುವುದು ಸರಿಯಲ್ಲ. ಲೇಪಾಕ್ಷಿಯಲ್ಲಿ ಬಟ್ಟೆ ಎಳೆದು ಕೈಮುಗಿದವರೂ ಬಗ್ಗಿ ಮೂಲೆ ನೋಡಿದ ನನ್ನ ಗೆಳೆಯರೂ ಒಂದೇ ಕಂಬದ ಅಡಿಯಲ್ಲಿ ಕೈ ಹಾಕಿದವರಲ್ಲವೇ?

ನಮ್ಮ ಹಿಂದಿನವರು ಈ ವಿಷಯದಲ್ಲಿ ನಮಗಿಂತ ಜಾಣರಿದ್ದರು. 'ಶೂನ್ಯಸಂಪಾದನೆ'ಯಲ್ಲಿ ಗೋರಕ್ಷನ ಪ್ರಸಂಗವಿದೆ. ಗೋರಕ್ಷ ತನ್ನ ದೇಹವನ್ನು ವಜ್ರದಂತೆ ಗಟ್ಟಿಮಾಡಿಕೊಂಡ ಸಿದ್ಧ. ಕತ್ತಿ ಬೀಸಿದರೆ ಖಣಿಲೆನ್ನುತ್ತದೆ, ಮೈಗೆ ಗಾಯವಿಲ್ಲ. ಕಣ್ಣೆದುರಿನ ಸಾಕ್ಷ್ಯ, ಯಾವ ಸಮಿತಿಯೂ ಬರೆದುಕೊಳ್ಳಬಹುದಾದದ್ದು. ಅಲ್ಲಮನಿಗೆ ಅದು ಏನೂ ಅಲ್ಲ. ಸದ್ದಾದರೆ ಅದಿನ್ನೂ ದೇಹವೇ ಎಂಬುದು ಅವನ ನಿಲುವು. ಅಲ್ಲಮನ ಮೇಲೆ ಬೀಸಿದ ಕತ್ತಿ ಬಯಲಲ್ಲಿ ಬೀಸಿದಂತೆ ಸದ್ದಿಲ್ಲದೆ ಹಾಯುತ್ತದೆ. ಅಲ್ಲಮ ದೊಡ್ಡ ಪವಾಡ ಮಾಡಿ ಗೆದ್ದ ಎಂದು ಇದನ್ನು ಓದುವವರಿದ್ದಾರೆ. ಪವಾಡದ ಗಾತ್ರದಿಂದ ಅಳೆಯುವುದನ್ನೇ ಅವನು ತಳ್ಳಿಹಾಕಿದ ಎಂಬುದು ನನ್ನ ಓದು. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಕನ್ನಡದ ಎರಡು ಮಾತುಗಳು ಇಲ್ಲಿ ನೆನಪಾಗುತ್ತವೆ. ತರ್ಕಶಾಸ್ತ್ರದಲ್ಲಿ 'ಪ್ರಮಾಣ' ಎಂದರೆ ಅರಿವಿಗೆ ಆಧಾರ. ಊರಿನಲ್ಲಿ ಪ್ರಮಾಣವೆಂದರೆ ದೇವರ ಮುಂದೆ ಇಡುವ ಆಣೆ. ನಿಮ್ಮ ಕಾನತ್ತೂರಿನ ದೈವಗಳ ಎದುರು ವ್ಯಾಜ್ಯ ತೀರಿಸಿಕೊಳ್ಳಲು ಹೋದವರಿಗೆ ಈ ಎರಡನೆಯ ಅರ್ಥ ಚೆನ್ನಾಗಿ ಗೊತ್ತು. ಹಾಗೆಯೇ 'ಅನುಮಾನ'. ಶಾಸ್ತ್ರದಲ್ಲಿ ಅದು ಹೊಗೆ ಕಂಡು ಬೆಂಕಿಯನ್ನು ಊಹಿಸುವ ಜಾಣ್ಮೆ. ಮನೆಯಲ್ಲಿ ಅದು ಶಂಕೆ, ಬಹಳ ಸಲ ಅವಮಾನ. "ನನ್ನ ಮೇಲೆ ಅನುಮಾನವಾ?" ಎಂದು ಒಬ್ಬರು ಕೇಳಿದರೆ ಅಲ್ಲಿಗೆ ಮಾತು ಮುಗಿಯಿತು. ನಮ್ಮ ಭಾಷೆಯಲ್ಲಿ ಸಾಕ್ಷ್ಯ ಕೇಳುವುದು ಇಷ್ಟು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಬ್ಯಾಂಕಿನಲ್ಲಿ ಹಾಗಿಲ್ಲ. ಚಿನ್ನದ ಸಾಲಕ್ಕೆಂದು ರೈತನ ಹೆಂಡತಿ ಕೊರಳಿನ ಸರ ಬಿಚ್ಚಿ ಕೊಡುತ್ತಾಳೆ. ಅಪ್ರೈಸರ್ ಅದನ್ನು ಒರೆಗಲ್ಲಿಗೆ ಉಜ್ಜುತ್ತಾನೆ, ತೂಗುತ್ತಾನೆ. ಅಮ್ಮ ಕೊಟ್ಟ ಸರವನ್ನು ಉಜ್ಜಿದ್ದಕ್ಕೆ ಅವಳು ಸಿಟ್ಟಾಗುವುದಿಲ್ಲ. ಇಪ್ಪತ್ತು ವರ್ಷದಿಂದ ಬಲ್ಲ ಗಿರಾಕಿಯ ಸಹಿಯನ್ನೂ ನಾವು ಕಡತದಲ್ಲಿರುವ ಸಹಿಯೊಂದಿಗೆ ಹೋಲಿಸಿ ನೋಡುತ್ತೇವೆ. ಅದು ಅವರ ಹಣಕ್ಕೇ ಕಾವಲು. ಅವಳ ಪಾಲಿಗೆ ಆ ಸರ ಅಮ್ಮನ ನೆನಪು, ಅದಕ್ಕೆ ಒರೆಗಲ್ಲು ಬೇಡ. ಕೌಂಟರಿನ ಮೇಲಿಟ್ಟು ಇದಕ್ಕೆ ಸಾಲ ಕೊಡಿ ಎಂದಾಗ ಮಾತ್ರ ಬೇಕು. ಅಲೌಕಿಕ ಅನುಭವದ ವಿಷಯದಲ್ಲೂ ನನ್ನ ನಿಲುವು ಇಷ್ಟೇ. ನಿಮಗಾದ ಅನುಭವ ನಿಮ್ಮದು, ಅದನ್ನು ನಂಬುವ ಹಕ್ಕೂ ನಿಮ್ಮದು. ಅದನ್ನು ಇನ್ನೊಬ್ಬರ ಮುಂದಿಟ್ಟು "ಇದರ ಮೇಲೆ ನೀನೂ ನಂಬು, ನೀನೂ ಕೊಡು, ಔಷಧಿ ಬಿಡು" ಎಂದ ಗಳಿಗೆಯಲ್ಲಿ ಅದು ಒರೆಗಲ್ಲಿಗೆ ಬರಬೇಕು. ಯಾಕೆಂದರೆ ನಿಮ್ಮ ಅನುಭವ ನನಗೆ ಅನುಭವವಲ್ಲ, ಬರಿಯ ಕೇಳಿದ ಮಾತು.

ಈ ನಿಲುವಿಗೆ ನಾನು ಪುಸ್ತಕದಿಂದ ಬಂದೆನೆಂದರೆ ಸುಳ್ಳಾದೀತು. ಮೊದಲ ಪಾಠ 1995ರ ಸೆಪ್ಟೆಂಬರ್ 21ರಂದು ಕಲ್ಯಾಣದುರ್ಗದಲ್ಲಿ ಆಯಿತು. ಗಣೇಶ ಹಾಲು ಕುಡಿಯುತ್ತಾನೆಂದು ದೇಶವೆಲ್ಲ ಚಮಚ ಹಿಡಿದು ಓಡಿದ ದಿನ ಅದು. ನಾನಾಗ ಹೈಸ್ಕೂಲಿನ ಹುಡುಗ. ಅಜ್ಜಿಯೊಂದಿಗೆ ಸಾಲಿನಲ್ಲಿ ನಿಂತೆ. ಅವಳು ಸೊಂಡಿಲಿಗೆ ಚಮಚ ತಾಗಿಸಿದಳು, ಹಾಲು ಹೋಯಿತು. ನಾನೂ ಕಂಡೆ. ಆಮೇಲೆ ದೆಹಲಿಯ ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲಿನಿಂದ ಪರೀಕ್ಷಿಸಿ, ಹಾಲು ವಿಗ್ರಹದ ಮೈಮೇಲೆ ತೆಳ್ಳಗೆ ಹರಿದು ಕೆಳಗಿಳಿಯುತ್ತದೆ, ಚಮಚದಿಂದ ಹಾಲನ್ನು ಎಳೆಯುವುದು ದ್ರವದ ಮೇಲ್ಮೈ ಎಳೆತ ಎಂದು ವಿವರಿಸಿದರು. ನಮ್ಮ ವಿಜ್ಞಾನದ ಮೇಷ್ಟರು ಅದನ್ನು ತರಗತಿಯಲ್ಲಿ ಹೇಳಿದ ಸಂಜೆ ನಾನು ಗೆದ್ದವನಂತೆ ಮನೆಗೆ ಓಡಿ ಬಂದು ಅಜ್ಜಿಗೆ ವರದಿ ಒಪ್ಪಿಸಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. "ಕುಡುದ್ರೆ ಕುಡೀಲಿ, ಬಿಟ್ರೆ ಬಿಡ್ಲಿ. ಅದುಕ್ಕೆ ನಾಳೆ ದೀಪ ಹಚ್ಚೋದ್ ಬಿಡಕ್ಕಾಗ್ತದೇನೋ?" ಎಂದಳು.

ಅಂದು ಅವಳು ಮೊಂಡು ಹಿಡಿದಳೆಂದುಕೊಂಡಿದ್ದೆ. ಆದರೆ ಸಾಲಿನಲ್ಲಿ ನಿಂತಿದ್ದ ನೂರಾರು ಜನರಲ್ಲಿ ಸಾಕ್ಷ್ಯದ ಮೇಲೆ ನಂಬಿಕೆ ಕಟ್ಟದಿದ್ದವಳು ಅವಳೊಬ್ಬಳೇ ಇರಬೇಕು. ಅವಳ ದೀಪಕ್ಕೆ ಹಾಲಿನ ಹಂಗಿರಲಿಲ್ಲ.

ಹೀಗೆ ಇನ್ನೊಂದು ಉದಾಹರಣೆ ನಿಮ್ಮ ಕೇರಳದಿಂದ. ಹಿಂದೂಪುರದಿಂದಲೂ ಪ್ರತಿವರ್ಷ ಕಪ್ಪು ಬಟ್ಟೆಯುಟ್ಟ ಸ್ವಾಮಿಗಳು ಶಬರಿಮಲೆಗೆ ಹೊರಡುತ್ತಾರೆ. 2011ರ ಜನವರಿ 14ರಂದು ಪುಲ್ಲುಮೇಡಿನ ನೂಕುನುಗ್ಗಲಿನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಮಕರವಿಳಕ್ಕು ತಾನಾಗಿ ಉರಿಯುತ್ತದೆಯೋ ಮನುಷ್ಯರು ಹಚ್ಚುತ್ತಾರೋ ಎಂದು ಆಮೇಲೆ ಹೈಕೋರ್ಟ್ ಕೇಳಿತು. ಪೊನ್ನಂಬಲಮೇಡಿನಲ್ಲಿ ಅದನ್ನು ಮನುಷ್ಯರೇ ಹಚ್ಚುವುದೆಂದು ದೇವಸ್ವಂ ಬೋರ್ಡ್ ಒಪ್ಪಿಕೊಂಡಿತು. ಯಾತ್ರೆ ನಿಂತಿತೇ? ಇಲ್ಲ. ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬರು ಆ ಮುಂದಿನ ವರ್ಷವೂ ಮಾಲೆ ಹಾಕಿದರು. ಕೇಳಿದೆ. ನಲವತ್ತೊಂದು ದಿನ ಸಿಗರೇಟು ಬಿಟ್ಟು, ಬೆಳಗಿನ ಜಾವ ತಣ್ಣೀರಿನಲ್ಲಿ ಮಿಂದು, ಎಲ್ಲರನ್ನೂ ಸ್ವಾಮಿ ಎಂದು ಕರೆಯುವುದೇ ತನಗೆ ಬೇಕಾದದ್ದು ಎಂದರು. ಹಾಗಾದರೆ ವಿಚಾರವಾದಿಗಳ ಶ್ರಮ ವ್ಯರ್ಥವೇ? ಅಲ್ಲವೇ ಅಲ್ಲ. ದೀಪ ಅಲೌಕಿಕವೆಂದು ನಂಬಿಸಿದ್ದರಿಂದಲೂ ಆ ಗಳಿಗೆಯಲ್ಲಿ ಅದನ್ನು ಕಾಣಲು ಅಷ್ಟು ಜನ ಕಾಡಿನ ಕತ್ತಲಲ್ಲಿ ಒಂದೆಡೆ ಕೂಡಿದ್ದರು. ಸತ್ಯ ಹೇಳುವುದರಿಂದ ನನ್ನ ಸಹೋದ್ಯೋಗಿಯ ವ್ರತ ಕೆಡಲಿಲ್ಲ. ಹೇಳದೆ ಇದ್ದುದರಿಂದ ಆದ ನಷ್ಟಕ್ಕೆ ಲೆಕ್ಕವಿಲ್ಲ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪುಸ್ತಕಕ್ಕೆ ಬರುತ್ತೇನೆ. ಎ.ಎನ್. ಮೂರ್ತಿರಾವ್ ಅವರ 'ದೇವರು' 1991ರಲ್ಲಿ ಪ್ರಕಟವಾಯಿತು. ಆಗ ಲೇಖಕರಿಗೆ ತೊಂಬತ್ತು ದಾಟಿತ್ತು. ಆ ವಯಸ್ಸಿಗೆ ನಮ್ಮಲ್ಲಿ ಹೆಚ್ಚಿನವರು ದೇವರ ಜೊತೆ ರಾಜಿ ಮಾಡಿಕೊಳ್ಳುತ್ತಾರೆ. ಇವರು ಲೆಕ್ಕ ಕೇಳಿದರು. ಪಂಪ ಪ್ರಶಸ್ತಿ ಪಡೆದ ಈ ಪುಸ್ತಕ ಗಡಿನಾಡಿನ ಪ್ರತಿ ಕನ್ನಡ ಮನೆಯಲ್ಲಿರಬೇಕೆಂದು ನನ್ನ ಆಸೆ. ಸರ್ವಶಕ್ತನೂ ದಯಾಮಯನೂ ಆದ ಒಬ್ಬ ಸೃಷ್ಟಿಕರ್ತನಿದ್ದಾನೆಂಬುದಕ್ಕೆ ಕೊಡುವ ಕಾರಣಗಳನ್ನು ಅವರು ಒಂದೊಂದಾಗಿ ಕೈಗೆತ್ತಿಕೊಂಡು ನೋಡುತ್ತಾರೆ. ಲೋಕದ ನೋವಿನ ಪ್ರಶ್ನೆಯ ಹತ್ತಿರ ಬಂದಾಗ ಅವರ ಸೌಮ್ಯವಾದ ದನಿ ಗಟ್ಟಿಯಾಗುತ್ತದೆ. ಕೊನೆಗೆ ನನಗೆ ನಂಬಲು ಆಗುತ್ತಿಲ್ಲ ಎಂಬಲ್ಲಿಗೆ ಬರುತ್ತಾರೆ. ನಂಬುವವರನ್ನು ಎಲ್ಲಿಯೂ ಗೇಲಿ ಮಾಡುವುದಿಲ್ಲ. 'ಹಗಲುಗನಸುಗಳು' ಬರೆದ ಪ್ರಬಂಧಕಾರನ ಹದ ಇಲ್ಲಿಯೂ ಇದೆ.

ಅನುಭಾವಿಗಳ ವಿಷಯದಲ್ಲಿ ಅವರ ನಿಲುವನ್ನು ನಾನು ಗ್ರಹಿಸಿದ್ದು ಹೀಗೆ: ಅನುಭವವಾದದ್ದು ನಿಜವಿರಬಹುದು, ಅದಕ್ಕೆ ದೇವರೇ ಕಾರಣ ಎಂಬುದು ಅದರ ಮೇಲೆ ಕಟ್ಟಿದ ಊಹೆ. ಸಣ್ಣ ಭೇದವೆಂದು ಕಾಣುತ್ತದೆ. ಎಚ್ಚೆನ್ನರಲ್ಲಿಯೂ ಗೋಕಾಕರಲ್ಲಿಯೂ ನನಗೆ ಸಿಗದೆ ಹೋದದ್ದು ಇದೇ ಭೇದ. ಒಬ್ಬರು ಊಹೆಯ ಜೊತೆಗೆ ಅನುಭವವನ್ನೂ ಚೆಲ್ಲಿದರು, ಇನ್ನೊಬ್ಬರು ಅನುಭವದ ಜೊತೆಗೆ ಊಹೆಯನ್ನೂ ಎತ್ತಿಕೊಂಡರು. ಮೂರ್ತಿರಾಯರು ಎರಡನ್ನೂ ಬೇರ್ಪಡಿಸಿ ಮೇಜಿನ ಮೇಲಿಟ್ಟರು.

ಈ ಭೇದದ ಬೆಲೆ ನನಗೆ ತಿಳಿದದ್ದು ತಡವಾಗಿ. ಕಲ್ಯಾಣದುರ್ಗದಲ್ಲಿ ನನ್ನ ಸೋದರತ್ತೆಯೊಬ್ಬರಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರ ಮನೆಯಲ್ಲಿಯೇ ಉಳಿದಿದ್ದೆ. ಅವರಿಗೆ ಹೊಟ್ಟೆನೋವು ಶುರುವಾಯಿತು. ಯಾರೋ ಹೇಳಿದರೆಂದು ಒಂದು ಹಳ್ಳಿಯ ಸ್ವಾಮಿಯ ಬಳಿ ಹೋದರು. ಜೊತೆಗೆ ಹೋದವನು ನಾನೇ. ಆತ ಹೊಟ್ಟೆಯನ್ನು ಒತ್ತಿ, ಏನೋ ತೆಗೆದಂತೆ ತೋರಿಸಿ, ವಿಭೂತಿ ಕೊಟ್ಟ. ಅತ್ತೆಯ ನೋವು ನಿಂತಿತು. ನಟನೆಯಲ್ಲ, ನಿಜವಾಗಿ ನಿಂತಿತು. ಅಂದು ರಾತ್ರಿ ಅವರು ಎರಡು ಮುದ್ದೆ ಉಂಡದ್ದನ್ನು ನಾನು ಕಂಡಿದ್ದೇನೆ. ಬೆಂಗಳೂರಿಗೆ ಹೋಗಿ ಒಂದು ಸಲ ತೋರಿಸೋಣ ಎಂದು ಅರೆಮನಸ್ಸಿನಿಂದ ಹೇಳಿದೆ. "ನೋಡಪ್ಪಾ, ನೋವು ನಿಂತೋಗದೆ. ಇದು ನಿನ್ ಬ್ಯಾಂಕಿನ್ ಲೆಕ್ಕ ಅಲ್ಲ" ಎಂದರು. ಮುಂದೆ ಮಾತಾಡಲಿಲ್ಲ ನಾನು. 'ದೇವರು' ಪುಸ್ತಕ ನನ್ನ ಟ್ರಂಕಿನಲ್ಲಿತ್ತು, ಅಷ್ಟು ಹೊತ್ತಿಗೆ ಎರಡು ಸಲ ಓದಿದ್ದೆ. ಅತ್ತೆಯ ಮೇಲೆ ಅನುಮಾನ ಪಡುವುದು ಹೇಗೆ ಎಂದು ಸುಮ್ಮನಾದೆ. ನೋವು ಹನ್ನೊಂದು ದಿನ ಬರಲಿಲ್ಲ. ಆಮೇಲೆ ಬಂದದ್ದು ಹೋಗಲಿಲ್ಲ. ಮತ್ತೆರಡು ಸಲ ವಿಭೂತಿ ತಂದರು. ಬೆಂಗಳೂರಿಗೆ ಹೋದದ್ದು ಐದು ತಿಂಗಳ ನಂತರ. ಆರು ತಿಂಗಳ ಹಿಂದೆ ಯಾಕೆ ಬರಲಿಲ್ಲ ಎಂದು ಡಾಕ್ಟರು ಕೇಳಿದಾಗ ಅತ್ತೆ ನನ್ನ ಮುಖ ನೋಡಿದರು. ಅವರು ಆ ವರ್ಷ ದಾಟಲಿಲ್ಲ.

ಅತ್ತೆಯ ಅನುಭವ ಸುಳ್ಳಲ್ಲ, ನೋವು ನಿಂತದ್ದು ನಿಜ. ಯಾಕೆ ನಿಂತಿತು ಎಂಬುದಕ್ಕೆ ಅವರು ಕೊಟ್ಟುಕೊಂಡ ಉತ್ತರ ಮಾತ್ರ ಊಹೆ. ಇದನ್ನು ಅವರಿಗೆ ನೋವಾಗದಂತೆ, ಅವರ ಭಾಷೆಯಲ್ಲಿ ಹೇಳುವ ಬಗೆ ನನಗೆ ತಿಳಿದಿರಲಿಲ್ಲ. ಮೂರ್ತಿರಾಯರ ಪುಸ್ತಕದ ಬಗ್ಗೆ ನನ್ನ ಒಂದೇ ತಕರಾರು ಇದು. ಅದು ಬಿಡುವಾಗಿ ಕುಳಿತ, ಓದು ಬಲ್ಲ ಗೆಳೆಯನೊಂದಿಗೆ ನಡೆಸಿದ ಮಾತುಕತೆ. ಹೊಟ್ಟೆನೋವಿನ ಅತ್ತೆಗೆ ಆ ಜಗಲಿಯಲ್ಲಿ ಜಾಗವಿಲ್ಲ. ಎಚ್ಚೆನ್ನರ ಒರಟು ಮಾತು ಅಂದು ನನ್ನ ಬಾಯಲ್ಲಿದ್ದಿದ್ದರೆ ಒಳ್ಳೆಯದಿತ್ತು ಎಂದೂ ಎಷ್ಟೋ ಸಲ ಅನ್ನಿಸಿದೆ. ಅತ್ತೆ ಮುನಿಸಿಕೊಳ್ಳುತ್ತಿದ್ದರು, ಅಷ್ಟೇ ತಾನೆ.

ಹಾಗೆಂದು ಪುಟ್ಟಪರ್ತಿಯನ್ನು ಆ ಸ್ವಾಮಿಯ ಸಾಲಿಗೆ ಸೇರಿಸಿದರೆ ನನ್ನ ಲೆಕ್ಕ ತಪ್ಪುತ್ತದೆ. ಅಲ್ಲಿ 1991ರಲ್ಲಿ ತೆರೆದ ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಹಣ ಕೇಳುವುದಿಲ್ಲ. ವಿಭೂತಿಗೆ ಹೆಸರಾದ ಊರಿನಲ್ಲಿ ಎದೆ ಕೊಯ್ಯುವುದು ಕತ್ತಿಯಿಂದಲೇ, ಶುದ್ಧ ಮಾಡಿದ ಕತ್ತಿಯಿಂದ. 1990ರ ದಶಕದ ಮಧ್ಯದಲ್ಲಿ ಅನಂತಪುರ ಜಿಲ್ಲೆಯ ಏಳುನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಅಲ್ಲಿನ ಟ್ರಸ್ಟ್ ಕುಡಿಯುವ ನೀರು ತಂದಿತು. ಫ್ಲೋರೈಡಿನ ನೀರು ಕುಡಿದು ಹಲ್ಲು ಕಂದಿದ, ಮೂಳೆ ಸೊಟ್ಟಗಾದ ಜನರಿರುವ ಜಿಲ್ಲೆಯಲ್ಲಿ ನಲ್ಲಿಯ ನೀರು ಏನೆಂದು ನಿಮ್ಮ ಮಳೆನಾಡಿನವರಿಗೆ ಹೇಗೆ ಹೇಳಲಿ! ನಮ್ಮ ಕಡೆಯ ಹಳ್ಳಿಯವರನ್ನು ಬಾಬಾ ದೇವರು ಹೌದೇ ಎಂದು ಕೇಳಿದರೆ ನಲ್ಲಿಯ ಕಡೆ ಕೈ ತೋರಿಸುತ್ತಾರೆ. ಕುಂಬಳಕಾಯಿಯ ತಕ್ಕಡಿಯಲ್ಲಿ ಆ ನಲ್ಲಿಯನ್ನು ತೂಗಲು ಬರುವುದಿಲ್ಲ. ಅದು ಉಪಕಾರಕ್ಕೆ ಸಾಕ್ಷಿ, ದೈವತ್ವಕ್ಕೆ ಅಲ್ಲ ಎಂದು ನಾನು ಹೇಳುತ್ತೇನೆ. ಕೊಡಪಾನ ತುಂಬಿಸಿಕೊಳ್ಳುತ್ತಿರುವವರು ಕೇಳಿಸಿಕೊಳ್ಳುವುದಿಲ್ಲ. ಕೇಳಿಸಿಕೊಳ್ಳಲಿ ಎಂದು ಹಟ ಮಾಡುವ ಮನಸ್ಸೂ ನನಗಿಲ್ಲ.

ಅತ್ತೆ ಹೋದ ಮೇಲೆ ನಾನು ಮತ್ತೆ ಓದಿದ ಪುಸ್ತಕ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು'. 1968ರ ಈ ಕಾದಂಬರಿ ನಿಮ್ಮ ಕರಾವಳಿಯದ್ದು, ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಈ ಪ್ರಶ್ನೆಯ ಬೆಳಕಿನಲ್ಲಿ ಅದನ್ನು ಓದಿದರೆ ಬೇರೆಯೇ ಕಾಣುತ್ತದೆ. ಕಾರಂತರು ಯಾವ ದೇವರಿಗೂ ಸುಲಭವಾಗಿ ಕೈಮುಗಿಯದ ಮನುಷ್ಯ. ಅಂಥವರು ತಮ್ಮ ಮುಖ್ಯ ಪಾತ್ರಕ್ಕೆ ಅತೀಂದ್ರಿಯ ಶಕ್ತಿಯನ್ನೇ ಕೊಟ್ಟರು. ಅಜ್ಜಿ ಒಂದು ವಸ್ತುವನ್ನು ಮುಟ್ಟಿದರೆ ಸಾಕು, ಅದರ ಹಿಂದಿನ ಕಾಲ ಕಣ್ಣಿಗೆ ಕಟ್ಟುತ್ತದೆ. ನಮ್ಮ ಕಡೆ ಇಂಥ ಅಜ್ಜಿಯೊಬ್ಬಳಿದ್ದಿದ್ದರೆ ಅವಳ ಹೆಸರಿನಲ್ಲಿ ಇಷ್ಟು ಹೊತ್ತಿಗೆ ಬಸ್ ಸ್ಟಾಪು ಆಗಿರುತ್ತಿತ್ತು. ಆದರೆ ಮೂಕಜ್ಜಿ ಆ ಶಕ್ತಿಯಿಂದ ಯಾವ ದೇವರನ್ನೂ ಸಾಬೀತುಮಾಡಲು ಹೊರಡುವುದಿಲ್ಲ. ಅವಳಿಗೆ ಕಾಣುವುದು ಒಂದೊಂದು ಕಾಲದ ಮನುಷ್ಯರು ತಮ್ಮ ಭಯಕ್ಕೆ, ಬಯಕೆಗೆ ತಕ್ಕಂತೆ ಒಂದೊಂದು ದೇವರನ್ನು ಮಾಡಿಕೊಂಡದ್ದು. ಕಂಡವಳೇ ಸಂಶಯ ಪಡುತ್ತಾಳೆ. ಮೊಮ್ಮಗ ಸುಬ್ಬರಾಯ ಓದಿದವನು, ಅವನೇ ಬೆರಗಾಗಿ ಕೂರುತ್ತಾನೆ. ಅಜ್ಜಿಯ ಈ ಶಕ್ತಿ ಕತೆಗಾರನ ಅನುಕೂಲಕ್ಕೆ ಮಾಡಿಕೊಂಡ ಉಪಾಯ ಎನ್ನುವವರ ಮಾತು ಅರ್ಧ ಸರಿ. ಪುಟಗಟ್ಟಲೆ ಚರಿತ್ರೆ ಹೇಳಿಸುವಾಗ ಅಜ್ಜಿ ಮರೆಯಾಗಿ ಕಾರಂತರೇ ಮಾತಾಡುವುದೂ ಉಂಟು. ಆದರೂ ಅನುಭವವನ್ನು ಉಳಿಸಿಕೊಂಡೂ ಅದನ್ನು ಇನ್ನೊಬ್ಬರ ಮೇಲೆ ಹೇರದ ಒಬ್ಬ ವ್ಯಕ್ತಿಯನ್ನು, ಅದೂ ಓದುಬರಹವಿಲ್ಲದ ಒಬ್ಬ ಬಾಲವಿಧವೆಯನ್ನು, ಕಲ್ಪಿಸಿಕೊಳ್ಳಲು ಕನ್ನಡಕ್ಕೆ ಸಾಧ್ಯವಾಯಿತಲ್ಲ. ಅಕ್ಕಿ ಆರಿಸುತ್ತಿದ್ದ ನನ್ನ ಅಜ್ಜಿ ಆ ಕಾದಂಬರಿಯನ್ನು ಓದಿರಲಿಲ್ಲ. ಓದಿದ್ದರೆ ಮೂಕಜ್ಜಿಯ ಪಕ್ಕ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳೆಂದು ನನಗನ್ನಿಸುತ್ತದೆ.

ಇನ್ನು ಕಾಸರಗೋಡಿನ ಗೆಳೆಯರ ಪ್ರಶ್ನೆ. ಕಂಡು ನಂಬುವುದೋ ಸುಮ್ಮನೆ ನಂಬುವುದೋ? ನನಗೆ ಯಾವ ಅಲೌಕಿಕ ಅನುಭವವೂ ಆಗಿಲ್ಲ, ಕನಸಿನಲ್ಲಿ ಕೂಡ. ಮೂರ್ತಿರಾಯರ ವಾದಗಳಿಗೆ ನನ್ನ ಹತ್ತಿರ ಉತ್ತರವೂ ಇಲ್ಲ. ಆದರೂ ಸಂಜೆ ಅಜ್ಜಿಯ ದೀಪ ನಮ್ಮ ಮನೆಯಲ್ಲಿ ಉರಿಯುತ್ತದೆ. ಹೆಂಡತಿ ಊರಿಗೆ ಹೋದ ದಿನ ನಾನೇ ಹಚ್ಚುತ್ತೇನೆ. ಇದಕ್ಕೆ ನಂಬಿಕೆ ಎನ್ನುವುದೋ ರೂಢಿ ಎನ್ನುವುದೋ, ಗೆಳೆಯರೇ ತೀರ್ಮಾನಿಸಲಿ.

ಕಳೆದ ಮಳೆಗಾಲದಲ್ಲಿ ಅತ್ತೆಯ ಮಗ ಫೋನ್ ಮಾಡಿದ್ದ. ಅವನ ಮಗಳಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದೆ, ತಾಯಿತ ಕಟ್ಟಿಸಿದ ಮೇಲೆ ಎರಡು ದಿನದಿಂದ ಇಲ್ಲ ಎಂದ. ನಾನು ರಜೆ ಹಾಕಿ ಕಲ್ಯಾಣದುರ್ಗಕ್ಕೆ ಹೋದೆ. ತಾಯಿತ ಇರಲಿ, ರಕ್ತ ಪರೀಕ್ಷೆ ಮಾಡಿಸು ಎಂದೆ. "ನಮ್ ದೇವ್ರ ಮೇಲೂ ನಿಂಗೆ ಅನುಮಾನವಾ ಭಾವ?" ಎಂದು ಮುಖ ಊದಿಸಿಕೊಂಡ. ಹೌದು ಎಂದೆ. ಅವನು ನನ್ನೊಂದಿಗೆ ಮಾತು ಬಿಟ್ಟ, ಆದರೆ ಬೈಕು ತೆಗೆದ. ರಕ್ತ ಕೊಟ್ಟು ಬರುವಾಗ ಹುಡುಗಿ ಬೆಟ್ಟದ ಗುಡಿಗೆ ಹೋಗೋಣವೆಂದು ಹಟ ಹಿಡಿದಳು. ಮೂವರೂ ಹತ್ತಿದೆವು. ರಿಪೋರ್ಟು ಮರುದಿನ ಬರುವುದಿತ್ತು.